ಸ್ವಚ್ಛ ವಾಹಿನಿಯ ಇಂಡಿಕೇಟರ್: ದೋಷ ಪತ್ತೆ ಮತ್ತು ಪಂಚಾಯತಿ ಮಟ್ಟದ ದುರಸ್ತಿ

ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯು ದಿನದ ಹೆಚ್ಚು ಹೊತ್ತನ್ನು ಊರಿನ ಓಣಿಗಳಲ್ಲಿಯೇ ಕಳೆಯುತ್ತದೆ. ಆದರೂ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಹೆದ್ದಾರಿಗೆ ಹೊಂದಿಕೊಂಡ ಗ್ರಾಮಗಳ ವಾಹನಗಳು ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ನ್ನು ಹತ್ತಿ ಇಳಿಯದೆ ಗತ್ಯಂತರವಿಲ್ಲ. ಸಸ್ತಾಪುರ ಬಂಗ್ಲಾದಂತಹ ಕೂಡುಸ್ಥಳದಲ್ಲಾಗಲಿ, ಹೆದ್ದಾರಿ 65 ಮತ್ತು 50 ಸಂಧಿಸುವ ಹುಮನಾಬಾದಿನ ಸುತ್ತಲಾಗಲಿ, ಮುಂದಿರುವ ಸಣ್ಣ ವಾಹನವು ಯಾವ ಕಡೆ ತಿರುಗುವುದೆಂದು ಹಿಂದಿನ ಲಾರಿಗೆ ತಿಳಿಸುವುದು ಹಿಂಬದಿಯ ಇಂಡಿಕೇಟರ್ ಮಾತ್ರ. ಕಸದ ತೊಟ್ಟಿಯ ಎತ್ತರದಿಂದಾಗಿ ಚಾಲಕಿಯ ಕೈಸನ್ನೆ ಹಿಂದಿನವರಿಗೆ ಸರಿಯಾಗಿ ಕಾಣುವುದಿಲ್ಲ. ಎಡ ತಿರುವಿಗಂತೂ ಅದನ್ನು ನೆಚ್ಚುವಂತಿಲ್ಲ.

ಇಂತಹ ದೀಪ ಕೆಟ್ಟಾಗ ಎರಡು ಬಗೆಯ ತಪ್ಪು ಸಂಭವಿಸುತ್ತದೆ. ಒಂದು, ‘ಬಲ್ಬು ತಾನೆ’ ಎಂದು ವಾಹನವನ್ನು ಹಾಗೆಯೇ ಓಡಿಸುವುದು. ಇನ್ನೊಂದು, ದುರಸ್ತಿಗೆ ಮಂಜೂರಾತಿ ದೊರೆಯುವವರೆಗೆ ವಾಹನವನ್ನು ನಿಲ್ಲಿಸಿ ಓಣಿಗಳಲ್ಲಿ ಕಸ ಉಳಿಯಲು ಬಿಡುವುದು. ಎರಡೂ ಅನಗತ್ಯ. ದೋಷವು ಎಲ್ಲಿದೆ ಎಂಬುದನ್ನು ಬಹುಪಾಲು ಸಂದರ್ಭಗಳಲ್ಲಿ ಇಂಡಿಕೇಟರಿನ ವರ್ತನೆಯೇ ತಿಳಿಸುತ್ತದೆ.

ಬ್ಯಾಟರಿಯಿಂದ ಹೊರಟ 12 ವೋಲ್ಟ್ ವಿದ್ಯುತ್ತು ಫ್ಯೂಸ್, ಫ್ಲ್ಯಾಷರ್ ಮತ್ತು ಸ್ಟೀರಿಂಗ್ ಬಳಿಯ ಸ್ವಿಚ್ಚನ್ನು ದಾಟಿ ಬಲ್ಬನ್ನು ತಲುಪಿ, ವಾಹನದ ಲೋಹದ ಮೈ ಮೂಲಕ ಬ್ಯಾಟರಿಗೆ ಹಿಂದಿರುಗುತ್ತದೆ. ಈ ಹಿಂದಿರುಗುವ ದಾರಿಯನ್ನೇ ಅರ್ಥ್ ಎನ್ನುವರು. ಟಿಕ್-ಟಿಕ್ ಸದ್ದಿನೊಡನೆ ವಿದ್ಯುತ್ತನ್ನು ಕಡಿದು ಜೋಡಿಸುವುದು ಫ್ಲ್ಯಾಷರ್‌ನ ಕೆಲಸ. ದೀಪವು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗುವುದು ಸರಿಯಾದ ಕ್ರಮ.

ಒಂದು ಬದಿಯ ಇಂಡಿಕೇಟರ್ ಹಾಕಿದಾಗ ಮಾತ್ರ ಸದ್ದು ಅವಸರವಾದರೆ ಆ ಬದಿಯ ಒಂದು ಬಲ್ಬ್ ಸುಟ್ಟಿದೆಯೆಂದೇ ಮೊದಲು ಭಾವಿಸಬೇಕು. ಸಾಮಾನ್ಯ ಬಲ್ಬ್ 21 ವ್ಯಾಟಿನದು. ಮುಂದೊಂದು ಹಿಂದೊಂದು ಸೇರಿ ಸುಮಾರು 3.5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಒಂದು ಸುಟ್ಟರೆ ಎಳೆತವು ಅರ್ಧಕ್ಕಿಳಿಯುತ್ತದೆ, ಅದನ್ನರಿತ ಫ್ಲ್ಯಾಷರ್ ವೇಗವಾಗಿ ಮಿನುಗಿ ಎಚ್ಚರಿಸುತ್ತದೆ. ಅವಸರದ ಸದ್ದು ಚಾಲಕಿಗೆ ಕೇಳಿಸಿದ ದಿನವೇ ಅದನ್ನು ಲಾಗ್ ಪುಸ್ತಕದಲ್ಲಿ ಬರೆಯಿಸಿ, ಬಾಯಿಮಾತಿನ ದೂರೆಂದು ತಳ್ಳಿಹಾಕದಿರುವುದು ಅವಶ್ಯ. ಹಳೆಯ ಟ್ರ್ಯಾಕ್ಟರುಗಳ ಬಿಸಿಯಾಗಿ ಕೆಲಸ ಮಾಡುವ ಫ್ಲ್ಯಾಷರ್ ಇದಕ್ಕೆ ವಿರುದ್ಧವಾಗಿ ನಿಧಾನವಾಗಬಹುದು, ಇಲ್ಲವೇ ದೀಪ ಮಿನುಗದೆ ಒಂದೇ ಸಮನೆ ಉರಿಯಬಹುದು.

ಬಲ್ಬ್ ಬದಲಿಸಲು ಎಂಜಿನ್ ನಿಲ್ಲಿಸಿ, ದೀಪದ ಗಾಜನ್ನು ಬಿಚ್ಚಿ, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿ ಹೊರತೆಗೆಯಬೇಕು. ಅಂಗಡಿಗೆ ಹಳೆಯ ಬಲ್ಬನ್ನೇ ಒಯ್ಯುವುದು ಲೇಸು: ಗಾಜು ಬಿಳಿಯಾಗಿದ್ದರೆ ಬಲ್ಬೇ ಕಿತ್ತಳೆ ಬಣ್ಣದ್ದಿರುತ್ತದೆ, ಅದರ ಗೂಟಗಳ ಸ್ಥಾನವೂ ಬೇರೆ. ಕಿತ್ತಳೆ ಬೆಳಕು ಅಲಂಕಾರವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಅಗತ್ಯವದು. ಅಗ್ಗವೆಂದೋ ಹೊಳಪೆಂದೋ ಎಲ್‌ಇಡಿ ಬಲ್ಬ್ ಕೂಡಿಸಿದರೆ ಅದರ ಎಳೆತ ಕಡಿಮೆಯಾದ್ದರಿಂದ ಫ್ಲ್ಯಾಷರ್ ಮತ್ತೆ ಅವಸರ ತೋರುತ್ತದೆ, ನಿಜವಾದ ದೋಷದ ಎಚ್ಚರಿಕೆಯೂ ಅದರಲ್ಲಿ ಮರೆಯಾಗುತ್ತದೆ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಡನೆ ಬಂದ ವಾಹನದ ವಿಷಯ ಬೇರೆ. ಖಾತರಿ ಅವಧಿಯೊಳಗೆ ಅದನ್ನು ಬಿಚ್ಚದೆ ಮಾರಾಟಗಾರರಿಗೆ ತೋರಿಸುವುದೇ ಸರಿ.

ಹೊಸ ಬಲ್ಬ್ ಹಾಕಿಯೂ ದೀಪ ಮಂಕಾಗಿದ್ದರೆ, ಅಥವಾ ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಸುಕಾಗಿ ಹೊತ್ತಿಕೊಂಡರೆ, ಅರ್ಥ್ ಕೆಟ್ಟಿರುವ ಸಂಭವ ಹೆಚ್ಚು. ಕಸದ ವಾಹನಕ್ಕೆ ಇದು ಮಾಮೂಲಿ ರೋಗ. ಹಸಿ ಕಸದ ರಸ ಸೋರುತ್ತದೆ, ಮೇಲಿಂದ ಪೈಪಿನ ನೀರು ಬೀಳುತ್ತದೆ. ಹಿಂಬದಿಯ ಹೋಲ್ಡರ್‌ಗೂ ಅರ್ಥ್ ತಂತಿಯ ಬೋಲ್ಟ್‌ಗೂ ತುಕ್ಕು ಹಿಡಿಯುತ್ತದೆ. ಒಂದು ತುಂಡು ತಂತಿಯಿಂದ ಹೋಲ್ಡರ್‌ನ ಅರ್ಥ್ ಬದಿಯನ್ನು ವಾಹನದ ಸ್ವಚ್ಛ ಲೋಹಕ್ಕೆ ಮುಟ್ಟಿಸಿದಾಗ ದೀಪ ಪ್ರಕಾಶಮಾನವಾದರೆ ರೋಗ ಖಚಿತವಾಯಿತು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಬೋಲ್ಟ್ ಮತ್ತು ಹೋಲ್ಡರನ್ನು ಮರಳು ಕಾಗದದಿಂದ ಉಜ್ಜಿ, ಬಿಗಿಗೊಳಿಸಿ, ತೆಳುವಾಗಿ ಗ್ರೀಸ್ ಸವರಿದರೆ ಸಾಕು. ಇದಕ್ಕೆ ಹೊಸ ದೀಪದ ಜೋಡಿಯನ್ನೇ ಖರೀದಿಸುವುದು ವ್ಯರ್ಥ ವೆಚ್ಚ.

ಎರಡೂ ಬದಿಗಳು ಸ್ತಬ್ಧವಾಗಿದ್ದರೆ ಫ್ಯೂಸ್ ನೋಡಬೇಕು. ಅದು ಸರಿಯಿದ್ದರೆ ಮುಂದಿನ ಸಂಶಯ ಫ್ಲ್ಯಾಷರ್ ಮೇಲೆ. ನಾಲ್ಕೂ ದೀಪಗಳನ್ನು ಒಟ್ಟಿಗೆ ಮಿನುಗಿಸುವ ಅಪಾಯ ಸೂಚನೆಯ ಗುಂಡಿ ಒತ್ತಿದಾಗ ಎಲ್ಲವೂ ಸರಿಯಾಗಿ ಹೊತ್ತಿ, ತಿರುವಿನ ಸ್ವಿಚ್ಚಿಗೆ ಮಾತ್ರ ಸ್ಪಂದಿಸದಿದ್ದರೆ ಬಲ್ಬುಗಳು ನಿರ್ದೋಷಿ. ದೋಷವು ಸ್ವಿಚ್ಚಿನಲ್ಲಿ ಅಥವಾ ಅದರ ಪ್ರತ್ಯೇಕ ಫ್ಯೂಸಿನಲ್ಲಿರುತ್ತದೆ.

ಫ್ಯೂಸಿನ ಸ್ಥಳದಲ್ಲಿ ತಾಮ್ರದ ತಂತಿಯನ್ನಾಗಲಿ ಸಿಗರೇಟಿನ ಬೇಗಡೆಯನ್ನಾಗಲಿ ಸುತ್ತುವ ರೂಢಿಯನ್ನು ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ತಂತಿ ಕಾದು ಹೊತ್ತಿಕೊಂಡರೆ ಹಿಂದೆಯೇ ಒಣ ಕಸದ ರಾಶಿಯಿರುತ್ತದೆ. ಹಳೆಯದರ ಮೇಲೆ ಅಚ್ಚಾದ ಆಂಪಿಯರ್ ಸಂಖ್ಯೆಯ ಫ್ಯೂಸನ್ನೇ ಹಾಕಬೇಕು. ಅದೂ ಕೂಡಲೇ ಸುಟ್ಟರೆ ಎಲ್ಲಿಯೋ ತಂತಿ ಸವೆದು ಲೋಹಕ್ಕೆ ತಾಗುತ್ತಿದೆಯೆಂದರ್ಥ. ಅಲ್ಲಿಗೆ ಪಂಚಾಯತಿ ಮಟ್ಟದ ದುರಸ್ತಿ ಮುಗಿಯಿತು, ಮುಂದಿನದು ಆಟೋ ಎಲೆಕ್ಟ್ರಿಷಿಯನ್ನರ ಕೆಲಸ. ಎರಡು ಬಲ್ಬ್, ಕೆಲವು ಫ್ಯೂಸ್, ಒಂದು ಫ್ಲ್ಯಾಷರ್ ಮತ್ತು ಒಂದು ಟೆಸ್ಟ್ ಲ್ಯಾಂಪ್ ಕಚೇರಿಯ ದಾಸ್ತಾನಿನಲ್ಲಿದ್ದರೆ ಉಳಿದುದೆಲ್ಲ ಕಚೇರಿಯ ಅಂಗಳದಲ್ಲಿಯೇ ಆಗುವಂಥದ್ದು.

ಸದಸ್ಯರಲ್ಲಿ ಟ್ರ್ಯಾಕ್ಟರ್ ಉಳ್ಳವರು ಕಬ್ಬಿನ ಹಂಗಾಮಿಗೆ ಮುನ್ನ ಟ್ರೇಲರನ್ನೂ ಇದೇ ಕ್ರಮದಲ್ಲಿ ನೋಡಿಕೊಳ್ಳಬಹುದು. ಕಬ್ಬು ಹೇರಿದ ಮೇಲೆ ಟ್ರ್ಯಾಕ್ಟರಿನ ಸ್ವಂತ ದೀಪಗಳು ಹಿಂದಿನವರಿಗೆ ಕಾಣುವುದೇ ಇಲ್ಲ. ಟ್ರೇಲರಿನ ದೀಪಕ್ಕೆ ವಿದ್ಯುತ್ತು ಒಯ್ಯುವ ಪ್ಲಗ್ಗಿನ ಪಿನ್ನುಗಳು ಮಣ್ಣು ತುಂಬಿ ಹಸಿರುಗಟ್ಟುತ್ತವೆ. ಮೊದಲು ಅವನ್ನು ಉಜ್ಜಿ, ಒಬ್ಬರು ಸ್ವಿಚ್ ಒತ್ತುವಾಗ ಇನ್ನೊಬ್ಬರು ಟ್ರೇಲರಿನ ಹಿಂದೆ ನಿಂತು ಎರಡೂ ಬದಿಯನ್ನು ಪರೀಕ್ಷಿಸಬೇಕು.