ಬಂಡೆಯೋ, ಗುಂಡೋ?

ಹಲಸೂರು ಕೆರೆಯ ಸಮೀಪದಲ್ಲಿ ಬಂಡೆಯ ಮೇಲೆ ನಿಂತಿರುವ ಕೆಂಪೇಗೌಡ ಗೋಪುರವನ್ನು ಕಂಡವರಿಗೆ, ಬೆಂಗಳೂರಿನ ಪೂರ್ವಭಾಗದಲ್ಲಿ ಅಡಿಪಾಯದ ಚಿಂತೆಯೇ ಇಲ್ಲವೆನಿಸುವುದು ಸಹಜ. ಸುಮಾರು ಮುನ್ನೂರು ಕೋಟಿ ವರ್ಷಗಳ ನೈಸ್ ಶಿಲೆಯೇ ಕಾಲಡಿಯಲ್ಲಿದೆಯಲ್ಲವೆ? ಇದೆ, ಆದರೆ ಎಲ್ಲೆಡೆಯೂ ಒಂದೇ ಆಳದಲ್ಲಿಲ್ಲ. ದಂಡು ಪ್ರದೇಶದಿಂದ ಮೆಟ್ರೋ ಸುರಂಗವನ್ನು ಕೊರೆಯುತ್ತ 2021ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದಲ್ಲಿ ಹೊರಬಂದ ‘ಊರ್ಜಾ’ ಯಂತ್ರವು ಗಟ್ಟಿ ಬಂಡೆಯನ್ನೂ ಸಡಿಲ ಮಣ್ಣನ್ನೂ ಎದುರಿಸಬೇಕಾಯಿತು.

ಮಳೆಯ ನೀರು ಬಿರುಕುಗಳಲ್ಲಿ ಇಳಿದು ಶಿಲೆಯ ಫೆಲ್ಡ್‌ಸ್ಪಾರನ್ನು ಜೇಡಿಯಾಗಿ ಮಾರ್ಪಡಿಸುತ್ತದೆ. ಬಿರುಕುಗಳ ನಡುವಣ ಭಾಗಗಳು ಮಾತ್ರ ಪಾಯಸದೊಳಗಿನ ಗೋಡಂಬಿಯಂತೆ ಗುಂಡುಗಳಾಗಿ ಉಳಿಯುತ್ತವೆ. ನೆಲಗಂಬಕ್ಕಾಗಿ, ಎಂದರೆ ಇಂಜಿನಿಯರರು ಪೈಲು ಎನ್ನುವ ಕಾಂಕ್ರೀಟು ಕಂಬಕ್ಕಾಗಿ, ಕೊರೆಯುವಾಗ ಇಂತಹ ಗುಂಡು ತಾಕಿದರೆ ತಳದ ಬಂಡೆಯೇ ಸಿಕ್ಕಿತೆಂಬ ಭ್ರಮೆಯುಂಟಾಗಬಹುದು. ಇನ್ನೂ ಕೆಲವು ಮೀಟರು ಕೊರೆದು ನೋಡದ ಹೊರತು ನಿಜ ತಿಳಿಯದು.

ಕಂಬವನ್ನು ಎರೆದ ಮೇಲೆ ಭಾರಪರೀಕ್ಷೆ. ಐ.ಎಸ್. 2911 ಮಾನಕದಂತೆ, ಪರೀಕ್ಷೆಗೆಂದೇ ಎರೆದ ಕಂಬದ ಮೇಲೆ ಅದು ಹೊರಬೇಕಾದ ಭಾರದ ಎರಡೂವರೆ ಪಟ್ಟನ್ನು, ಕಟ್ಟಡಕ್ಕೆ ಸೇರುವ ಕಂಬಗಳಲ್ಲಿ ಆಯ್ದ ಕೆಲವುಗಳ ಮೇಲೆ ಒಂದೂವರೆ ಪಟ್ಟನ್ನು ಹೇರಿ, ಎಷ್ಟು ಮಿಲಿಮೀಟರು ಇಳಿಯಿತೆಂದು ಅಳೆಯುವರು. ಇದು ದುಬಾರಿಯ ಕೆಲಸ. ಉಳಿದ ಕಂಬಗಳ ತಲೆಯನ್ನು ಕೈಸುತ್ತಿಗೆಯಿಂದ ತಟ್ಟಿ, ತಳದಿಂದ ಮರಳುವ ಅಲೆಯ ಕಾಲವನ್ನು ಗುರುತಿಸಿ, ಉದ್ದವನ್ನು ಲೆಕ್ಕಹಾಕುವುದುಂಟು.

ಇಲ್ಲಿಯೇ ಹೊಸ ತೊಡಕು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಡುವಾಗ ಇಂಗಾಲದ ಡೈಆಕ್ಸೈಡು ಹೇರಳವಾಗಿ ಹೊರಬೀಳುತ್ತದೆ. ಅದನ್ನು ತಗ್ಗಿಸಲು ಸಿಮೆಂಟಿನ ಒಂದಂಶಕ್ಕೆ ಬದಲಾಗಿ, ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಉಳಿಯುವ ಕಿಟ್ಟದ ನುಣ್ಣನೆಯ ಪುಡಿಯನ್ನು ಬೆರೆಸುವರು. ಈ ಕಾಂಕ್ರೀಟು ಮುಂದೆ ಚೆನ್ನಾಗಿಯೇ ಗಟ್ಟಿಯಾಗುತ್ತದೆ, ಆದರೆ ನಿಧಾನವಾಗಿ. ಎಳೆಯದಾಗಿರುವಾಗ ಅದರಲ್ಲಿ ಅಲೆಯೂ ನಿಧಾನ.

ಲೆಕ್ಕ ಮಾಡಿ ನೋಡಿ. ಬಲಿತ ಕಾಂಕ್ರೀಟಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4,000 ಮೀಟರು. 12 ಮೀಟರಿನ ಕಂಬದಲ್ಲಿ ಹೋಗಿಬರಲು 6 ಮಿಲಿಸೆಕೆಂಡು ಸಾಕು. ಎಳೆಯ ಕಂಬದಲ್ಲಿ ವೇಗ 3,600 ಎಂದಿಟ್ಟುಕೊಳ್ಳೋಣ. ಆಗ 4,000ವನ್ನೇ ನಂಬಿದವನಿಗೆ ಅದೇ ಕಂಬ 13.3 ಮೀಟರಾಗಿ ತೋರುವುದು! ಬಂಡೆಯೊಳಕ್ಕೆ ಒಂದು ಮೀಟರು ಹೊಗಬೇಕಾಗಿದ್ದ ಕಂಬ ಅದರ ನೆತ್ತಿಯ ಮೇಲೆಯೇ ನಿಂತಿದ್ದರೂ ಕಾಗದದ ಮೇಲೆ ಸರಿಯಾಗಿಯೇ ಕಂಡೀತು. 28 ದಿನಕ್ಕೆ ಬದಲು 56 ದಿನ ಕಾಯುವುದು ಒಳ್ಳೆಯದು. ಗುತ್ತಿಗೆದಾರನಿಗೆ ಅಷ್ಟು ತಾಳ್ಮೆಯಿಲ್ಲವಾದರೆ, ಅದೇ ಮಿಶ್ರಣದಿಂದ ಅಂದೇ ಎರೆದ ಅಚ್ಚುಗಳಲ್ಲಿ ಪರೀಕ್ಷೆಯ ದಿನವೇ ವೇಗವನ್ನು ಅಳೆದು, ಆ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.