ಮೇದೋಜೀರಕ ಗ್ರಂಥಿಯ ಹಠಾತ್ ಉರಿಯೂತ: ತೀವ್ರತೆಯನ್ನು ನಿರ್ಣಯಿಸುವ ಕ್ರಮ

ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಜೀರ್ಣರಸ ಹಾಗೂ ಇನ್ಸುಲಿನ್ ಉತ್ಪಾದಿಸುತ್ತದೆ. ಈ ಗ್ರಂಥಿಯಲ್ಲಿ ಹಠಾತ್ತನೆ ಉಂಟಾಗುವ ಉರಿಯೂತವನ್ನು ವೈದ್ಯರು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಎಂದು ಕರೆಯುತ್ತಾರೆ. ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಇದರ ಪ್ರಮುಖ ಕಾರಣಗಳು. ಮೇಲುಹೊಟ್ಟೆಯಿಂದ ಬೆನ್ನಿಗೆ ಹರಡುವ ಅತೀವ ನೋವು ಹಾಗೂ ವಾಂತಿ ಇದರ ಲಕ್ಷಣಗಳು. ಹೆಚ್ಚಿನ ರೋಗಿಗಳು ಕೆಲವೇ ದಿನಗಳಲ್ಲಿ ಗುಣಮುಖರಾಗುತ್ತಾರೆ. ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ರೋಗವು ಉಲ್ಬಣಿಸುತ್ತದೆ.

ತೀವ್ರತೆಯ ಮೂರು ಹಂತಗಳು

2012ರಲ್ಲಿ ಪರಿಷ್ಕೃತಗೊಂಡ ಅಟ್ಲಾಂಟಾ ವರ್ಗೀಕರಣದಂತೆ:

1. ಸೌಮ್ಯ: ಅಂಗವೈಫಲ್ಯವಾಗಲಿ ಇತರ ತೊಡಕುಗಳಾಗಲಿ ಇರುವುದಿಲ್ಲ.
2. ಮಧ್ಯಮ ತೀವ್ರ: ಅಂಗವೈಫಲ್ಯವು 48 ಗಂಟೆಗಳೊಳಗೆ ಸರಿಹೋಗುತ್ತದೆ, ಅಥವಾ ಗ್ರಂಥಿಯ ಸುತ್ತ ದ್ರವಶೇಖರಣೆ, ಅಂಗಾಂಶ ಕೊಳೆಯುವಿಕೆ ಮೊದಲಾದ ತೊಡಕುಗಳಿರುತ್ತವೆ.
3. ತೀವ್ರ: ಶ್ವಾಸಕೋಶ, ಹೃದಯ-ರಕ್ತಪರಿಚಲನೆ ಅಥವಾ ಮೂತ್ರಪಿಂಡದ ವೈಫಲ್ಯವು 48 ಗಂಟೆಗಳನ್ನು ಮೀರಿ ಮುಂದುವರಿಯುತ್ತದೆ. ಪ್ರಾಣಾಪಾಯದ ಸಂಭವ ಈ ಹಂತದಲ್ಲಿಯೇ ಅಧಿಕ.

ಆದ್ದರಿಂದ ದಾಖಲಾದ ಮೊದಲ ದಿನವೇ ಅಂತಿಮ ನಿರ್ಣಯ ಸಾಧ್ಯವಾಗುವುದಿಲ್ಲ. ಮೊದಲ ಎರಡು ದಿನಗಳ ನಿಗಾ ಅತ್ಯಗತ್ಯ.

ಪರೀಕ್ಷೆಗಳು

ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಪ್ರಮಾಣವು ಸಾಮಾನ್ಯ ಗರಿಷ್ಠ ಮಿತಿಯ 3 ಪಟ್ಟು ಅಥವಾ ಅದಕ್ಕಿಂತ ಹೆಚ್ಚಿರುವುದು ರೋಗವನ್ನು ಗುರುತಿಸಲು ನೆರವಾಗುತ್ತದೆ. ಆದರೆ ಈ ಅಂಕಿಯು ತೀವ್ರತೆಯ ಅಳತೆಯಲ್ಲ. ಅಂಕಿ ಇಳಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು.

ಮೊದಲ 24 ಗಂಟೆಗಳಲ್ಲಿ ಅಪಾಯವನ್ನು ಅಂದಾಜಿಸಲು ‘ಬೈಸ್ಯಾಪ್’ ಎಂಬ ಅಂಕಪದ್ಧತಿ ಬಳಕೆಯಲ್ಲಿದೆ. ಕೆಳಕಂಡ ಪ್ರತಿಯೊಂದಕ್ಕೂ 1 ಅಂಕ ನೀಡಲಾಗುತ್ತದೆ:

• ರಕ್ತದ ಯೂರಿಯಾ ನೈಟ್ರೋಜನ್ 25 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಹೆಚ್ಚು
• ಪ್ರಜ್ಞೆಯಲ್ಲಿ ಏರುಪೇರು
• ಜ್ವರ, ವೇಗದ ನಾಡಿ, ವೇಗದ ಉಸಿರಾಟ, ಬಿಳಿ ರಕ್ತಕಣಗಳ ವ್ಯತ್ಯಾಸದಂತಹ ಚಿಹ್ನೆಗಳಲ್ಲಿ ಕನಿಷ್ಠ ಎರಡು
• 60 ವರ್ಷ ಮೀರಿದ ವಯಸ್ಸು
• ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬಿರುವುದು

3 ಅಥವಾ ಹೆಚ್ಚು ಅಂಕ ಬಂದಲ್ಲಿ ಅಪಾಯವು ಗಣನೀಯವಾಗಿ ಏರುತ್ತದೆ. ಅಂತಹವರಿಗೆ ತೀವ್ರ ನಿಗಾ ಘಟಕವುಳ್ಳ ಆಸ್ಪತ್ರೆ ಅಗತ್ಯವಾಗಬಹುದು. ಅಂಗಾಂಶ ಕೊಳೆಯುವಿಕೆಯು ಆರಂಭದ ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣದೇ ಇರಬಹುದಾದ್ದರಿಂದ, ಸ್ಕ್ಯಾನ್ ಅನ್ನು ಸಾಮಾನ್ಯವಾಗಿ 72 ಗಂಟೆಗಳ ನಂತರ ಮಾಡಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ

• ನೋವು ಶಮನವಾಯಿತೆಂದು ವೈದ್ಯರ ಅನುಮತಿಯಿಲ್ಲದೆ ಆಸ್ಪತ್ರೆಯಿಂದ ತೆರಳಬಾರದು.
• ಉಸಿರಾಟದ ತೊಂದರೆ, ಮೂತ್ರದ ಪ್ರಮಾಣದಲ್ಲಿ ಇಳಿಕೆ, ಮಂಪರು ಅಥವಾ ಗೊಂದಲ ಕಂಡುಬಂದಲ್ಲಿ ಕೂಡಲೇ ಸಿಬ್ಬಂದಿಗೆ ತಿಳಿಸತಕ್ಕದ್ದು.
• ಮನೆಯಲ್ಲಿ ಇಂತಹ ನೋವು ಕಾಣಿಸಿಕೊಂಡಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದು.
• ಬೇರೆ ಆಸ್ಪತ್ರೆಗೆ ವರ್ಗಾಯಿಸುವಾಗ ಶಿಫಾರಸು ಪತ್ರ, ಪರೀಕ್ಷಾ ವರದಿಗಳು, ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡ್ ಜೊತೆಯಲ್ಲಿರಲಿ.