ಒಂದೇ ತೋಟದ ಕಾಫಿ: ಮನೆಯ ಎಸ್ಪ್ರೆಸೊಗೆ ಹುರಿಯದ ಬೀಜದ ಆಯ್ಕೆ

ಕಾಫಿ ಬೀಜವನ್ನು ಹುರಿಯದೆಯೇ ಕೊಂಡುತಂದು, ಬೇಕಾದಾಗ ಮನೆಯಲ್ಲಿಯೇ ಹುರಿದು ಪುಡಿ ಮಾಡಿಕೊಳ್ಳುವುದು ಮೈಸೂರು ಸೀಮೆಯ ಮನೆಗಳಿಗೆ ಹೊಸ ಪದ್ಧತಿಯೇನೂ ಅಲ್ಲ. ಹೊಸದಾಗಿ ಬಂದಿರುವುದು ಎಸ್ಪ್ರೆಸೊ ಯಂತ್ರ. ಇಟಲಿ ದೇಶದಲ್ಲಿ ರೂಢಿಗೆ ಬಂದ ಈ ವಿಧಾನದಲ್ಲಿ, ನುಣ್ಣಗೆ ಬೀಸಿದ ಸುಮಾರು ೧೮ ಗ್ರಾಂ ಪುಡಿಯ ಮೂಲಕ ೯೦ರಿಂದ ೯೬ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರನ್ನು ವಾಯುಮಂಡಲದ ಒತ್ತಡದ ಸುಮಾರು ಒಂಬತ್ತರಷ್ಟು ಒತ್ತಡದಿಂದ ಹಾಯಿಸಿ, ೨೫ರಿಂದ ೩೦ ಸೆಕೆಂಡುಗಳಲ್ಲಿ ಸುಮಾರು ೩೬ ಗ್ರಾಂ ಪಾನೀಯವನ್ನು ಇಳಿಸುವರು. ಇಂತಹ ಯಂತ್ರವನ್ನು ಇಟ್ಟುಕೊಂಡಿರುವ ಗೃಹಸ್ಥರಲ್ಲಿ ಅನೇಕರು ಈಗ ಒಂದೇ ತೋಟದಲ್ಲಿ ಬೆಳೆದ, ಬೇರೆ ಯಾವುದನ್ನೂ ಬೆರೆಸದ ಬೀಜವನ್ನು ಅಪೇಕ್ಷಿಸುತ್ತಿರುವರು. ಅದನ್ನು ಆರಿಸುವ ಕ್ರಮವನ್ನು ಕೊಳ್ಳುವವರೂ ಬೆಳೆಗಾರರೂ ತಿಳಿದಿರುವುದು ಅವಶ್ಯಕ.

ಆಯ್ಕೆಯ ಮಹತ್ವ:— ಹಲವು ತೋಟಗಳ ಬೀಜವನ್ನು ಬೆರೆಸಿದಾಗ ಒಂದರ ದೋಷವನ್ನು ಮತ್ತೊಂದು ಮರೆಮಾಡುತ್ತದೆ. ಚಿಕೋರಿ, ಹಾಲು, ಸಕ್ಕರೆಗಳು ಉಳಿದುದನ್ನು ಮುಚ್ಚುತ್ತವೆ. ಒಂದೇ ತೋಟದ ಎಸ್ಪ್ರೆಸೊಗೆ ಈ ಆಸರೆಗಳಾವುವೂ ಇಲ್ಲ. ಇದಲ್ಲದೆ, ಸಾಧಾರಣವಾಗಿ ಸೋಸಿದ ಕಪ್ಪು ಕಾಫಿಯಲ್ಲಿ ಕರಗಿರುವ ಕಾಫಿಯ ಅಂಶವು ಶೇಕಡ ಒಂದೂವರೆಗಿಂತ ಕಡಿಮೆಯಿದ್ದರೆ, ಎಸ್ಪ್ರೆಸೊನಲ್ಲಿ ಅದು ಶೇಕಡ ೮ರಿಂದ ೧೦ರವರೆಗೆ ಇರುತ್ತದೆ. ಗುಣವು ಹೇಗೆ ಸಾಂದ್ರವಾಗುವುದೋ ದೋಷವೂ ಹಾಗೆಯೇ ಸಾಂದ್ರವಾಗುವುದು. ೧೮ ಗ್ರಾಂ ಪುಡಿಗೆ ಸುಮಾರು ೧೩೦ ಬೀಜಗಳು ಬೇಕು. ಅವುಗಳಲ್ಲಿ ಹುಳಿತು ಕೊಳೆತ ಬೀಜ ಒಂದೇ ಒಂದಿದ್ದರೂ ಬಟ್ಟಲಿನ ರುಚಿ ಕೆಡಬಹುದು. ಆದುದರಿಂದ ತೋಟದ ಹೆಸರಿಗಿಂತಲೂ ಬೀಜದ ಗಾತ್ರಕ್ಕಿಂತಲೂ ಅದರ ನಿರ್ಮಲತೆಯನ್ನು ಮೊದಲು ನೋಡತಕ್ಕದ್ದು.

ಒಂದು ತೋಟದ ಬೀಜವು ತನ್ನ ಹೆಸರಿನಲ್ಲಿಯೇ ಗ್ರಾಹಕನಿಗೆ ದೊರೆಯುವುದು ಹಿಂದೆ ಸುಲಭವಾಗಿರಲಿಲ್ಲ. ೧೯೪೨ರ ಕಾಫಿ ಶಾಸನದ ಮೇರೆಗೆ ರಚಿತವಾದ ಕಾಫಿ ಮಂಡಲಿಯು ಬೆಳೆಗಾರರ ಕಾಫಿಯನ್ನೆಲ್ಲ ಒಂದು ಕೂಟದಲ್ಲಿ ಸೇರಿಸಿ ಮಾರಾಟ ಮಾಡುತ್ತಿತ್ತು. ೧೯೯೦ರ ದಶಕದಲ್ಲಿ ಈ ಕಟ್ಟು ಕ್ರಮವಾಗಿ ಸಡಿಲವಾಗಿ, ೧೯೯೬ರಲ್ಲಿ ಬೆಳೆಗಾರರಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ಬಂದಿತು. ಅಂದಿನಿಂದ ಬೆಳೆಯ ಕೀರ್ತಿಯೂ ಅಪಕೀರ್ತಿಯೂ ಬೆಳೆಗಾರನದೇ ಆಗಿದೆ.

ಸ್ಥಳ ಮತ್ತು ತಳಿ:— ಅರೇಬಿಕಾ ಗಿಡವು ಸಮುದ್ರಮಟ್ಟದಿಂದ ೧೦೦೦ರಿಂದ ೧೫೦೦ ಮೀಟರುಗಳ ಎತ್ತರದಲ್ಲಿಯೂ, ರೋಬಸ್ಟಾ ಗಿಡವು ೫೦೦ರಿಂದ ೧೦೦೦ ಮೀಟರುಗಳ ಎತ್ತರದಲ್ಲಿಯೂ ಚೆನ್ನಾಗಿ ಬೆಳೆಯುತ್ತವೆ. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬೀಜವು ಗಟ್ಟಿಯಾಗಿ, ಹುಳಿಯ ಸೊಗಸೂ ಪರಿಮಳವೂ ಹೆಚ್ಚುತ್ತವೆ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೆ ಈ ಗುರುತು ಬೀಜವು ಎಲ್ಲಿಯದೆಂಬುದನ್ನು ಹೇಳುವುದೇ ಹೊರತು, ಆ ವರ್ಷ ಆ ಕಣದಲ್ಲಿ ಅದನ್ನು ಹೇಗೆ ಒಣಗಿಸಿದರೆಂಬುದನ್ನು ಹೇಳುವುದಿಲ್ಲ.

ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನ ಕೇಂದ್ರದಿಂದ ಬಂದ ತಳಿಗಳ ಪೈಕಿ ಎಸ್. ೭೯೫ ಎಂಬುದು ಎಲ್ಲೆಡೆಯಲ್ಲಿಯೂ ಹಬ್ಬಿದೆ. ಇದರ ಪಾನೀಯ ಮೈತುಂಬಿ, ಹದವಾದ ಹುಳಿಯಿಂದ ಕೂಡಿರುವುದರಿಂದ ಎಸ್ಪ್ರೆಸೊಗೆ ಒಗ್ಗುತ್ತದೆ. ಹೊಸದಾಗಿ ಪ್ರಯತ್ನಿಸುವವರು ಇದರಿಂದ ಆರಂಭಿಸುವುದು ಲೇಸು. ಕಾಫಿಯ ಮೇಲೆ ನಿಲ್ಲುವ ನೊರೆಯೂ ಗಡಸುತನವೂ ಬೇಕೆನ್ನುವವರು, ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ರೋಬಸ್ಟಾ ಪಾರ್ಚ್‌ಮೆಂಟನ್ನು ಆರಿಸಬಹುದು. ಆದರೆ ಅದರಲ್ಲಿ ಕೆಫೀನು ಅರೇಬಿಕಾದ ಸುಮಾರು ಎರಡರಷ್ಟಿರುವುದನ್ನು ಮರೆಯಕೂಡದು.

ಸಂಸ್ಕರಣ:— ಹಣ್ಣನ್ನು ಕಿತ್ತ ದಿನವೇ ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ಅಂಟನ್ನು ಕಳೆದು, ತೊಳೆದು ಒಣಗಿಸಿದುದು ಪಾರ್ಚ್‌ಮೆಂಟು. ಅರೇಬಿಕಾ ಪಾರ್ಚ್‌ಮೆಂಟಿನಿಂದ ದೊರೆಯುವ ಬೀಜಕ್ಕೆ ವ್ಯಾಪಾರದಲ್ಲಿ ಪ್ಲಾಂಟೇಷನ್ ಎಂದು ಹೆಸರು. ಇದರ ರುಚಿ ನಿರ್ಮಲ, ಹುಳಿ ಸ್ಪಷ್ಟ. ಎಳಸಾಗಿ ಹುರಿದರೆ ಎಸ್ಪ್ರೆಸೊನಲ್ಲಿ ಈ ಹುಳಿಯು ನಾಲಗೆಗೆ ಚುರುಕಾಗುವುದರಿಂದ ಮಧ್ಯಮ ಹದಕ್ಕೆ ಹುರಿಯತಕ್ಕದ್ದು. ಹಣ್ಣನ್ನು ಇಡಿಯಾಗಿ ಒಣಗಿಸಿದುದು ಚೆರ್ರಿ. ಮಾಗಿದ ಹಣ್ಣನ್ನೇ ಆರಿಸಿ, ತೆಳುವಾಗಿ ಹರವಿ, ಆಗಾಗ್ಗೆ ಕೈಯಾಡಿಸಿ ಒಣಗಿಸಿದ ಚೆರ್ರಿಯು ಸಿಹಿಯನ್ನೂ ಮೈಯನ್ನೂ ಕೊಡುತ್ತದೆ. ಕಾಯಿ, ಹಣ್ಣು, ಉದುರು ಎಲ್ಲವನ್ನೂ ಕೂಡಿಸಿ ದಪ್ಪನಾಗಿ ರಾಶಿಹಾಕಿದುದು ಬೂಷ್ಟಿನ ವಾಸನೆಗೆ ತಿರುಗುತ್ತದೆ. ಹೆಸರು ಎರಡಕ್ಕೂ ಒಂದೇ, ಬಟ್ಟಲಿನಲ್ಲಿ ಮಾತ್ರ ಅಜಗಜಾಂತರ.

ಮಳೆಗಾಲದ ಕಡಲಗಾಳಿಗೆ ಒಡ್ಡಿ ಊದಿಸಿದ ಮಾನ್ಸೂನ್ಡ್ ಮಲಬಾರ್ ಎಂಬ ಬೀಜವೂ ಉಂಟು. ಅದು ಹುಳಿ ಕಳೆದುಕೊಂಡು ಮೈತುಂಬಿರುವುದರಿಂದ ಎಸ್ಪ್ರೆಸೊಗೆ ಪ್ರಿಯವಾದುದು. ಅದರ ಬಿಳಿಚಿದ ಹಳದಿ ಬಣ್ಣವು ಸಹಜವಾದುದೇ ಆಗಿದೆ. ಬೇರೆ ಬೀಜದಲ್ಲಾದರೆ ಅದೇ ಬಣ್ಣವು ಹಳತಾದುದರ ಅಥವಾ ತೇವ ಹೀರಿದುದರ ಸೂಚನೆ.

ದರ್ಜೆ:— ಎಎ, ಎ, ಬಿ, ಸಿ ಎಂಬ ದರ್ಜೆಗಳು ಮುಖ್ಯವಾಗಿ ಜರಡಿಯ ಕಣ್ಣಿನ ಅಳತೆಯಿಂದ ಆಗತಕ್ಕವು. ಪಿಬಿ ಎಂಬುದು ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ದುಂಡು ಬೀಜ. ಸಮಗಾತ್ರದ ಬೀಜವು ಸಮವಾಗಿ ಹುರಿಯುವುದೆಂಬುದು ದರ್ಜೆಯ ನಿಜವಾದ ಪ್ರಯೋಜನ. ದಪ್ಪ ಬೀಜವೆಲ್ಲವೂ ರುಚಿಯದೆಂದು ತಿಳಿಯುವುದು ತಪ್ಪು. ಚೆನ್ನಾಗಿ ಆಯ್ದ ಬಿ ದರ್ಜೆಯು ಅಲಕ್ಷ್ಯದಿಂದ ಒಣಗಿಸಿದ ಎಎ ದರ್ಜೆಗಿಂತ ಮೇಲು.

ಕಣ್ಣಿನ ಪರೀಕ್ಷೆ:— ನೂರು ಗ್ರಾಂ ಬೀಜವನ್ನು ಹಗಲು ಬೆಳಕಿನಲ್ಲಿ ಬಿಳಿಯ ಕಾಗದದ ಮೇಲೆ ಹರವಿ ದೋಷವುಳ್ಳವುಗಳನ್ನು ಬೇರ್ಪಡಿಸಬೇಕು. ಕಪ್ಪು ಬೀಜ, ಹುಳಿತು ಕಂದಿದ ಬೀಜ ಮತ್ತು ಬೂಷ್ಟು ಹಿಡಿದ ಬೀಜ ಇವು ಮೂರೂ ಘೋರವಾದ ದೋಷಗಳು. ಇವು ಕಂಡುಬಂದರೆ ಆ ಮಾಲನ್ನು ಬಿಡುವುದೇ ಮೇಲು. ಸೂಜಿಮೊನೆಯಷ್ಟು ರಂಧ್ರಗಳಿದ್ದರೆ ಕಾಯಿಕೊರಕದ ಕೆಲಸವೆಂದು ತಿಳಿಯಬೇಕು. ಭಾರತದಲ್ಲಿ ಈ ಕೀಟವು ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡುಬಂದಿತು. ಒಡಕು, ಚಿಪ್ಪು ಮತ್ತು ಸುಕ್ಕುಗಟ್ಟಿದ ಎಳೆಯ ಬೀಜಗಳು ಕೆಲವಿದ್ದರೆ ಕೈಯಿಂದ ಆರಿಸಿ ತೆಗೆಯಬಹುದು. ತೊಳೆದ ಹೊಸ ಬೀಜವು ನೀಲಿಮಿಶ್ರಿತ ಹಸಿರು ಬಣ್ಣದಿಂದ ಕೂಡಿ, ಹಸಿಯ ಧಾನ್ಯದಂತೆ ಶುಭ್ರವಾದ ವಾಸನೆ ಹೊಂದಿರುವುದು. ಗೋಣಿ, ಹೊಗೆ, ಮಣ್ಣು ಅಥವಾ ಹುಳಿಹೆಂಡದ ವಾಸನೆ ಬಂದರೆ ಕೊಳ್ಳಕೂಡದು.

ತೇವ ಮತ್ತು ವಯಸ್ಸು:— ಬೀಜದಲ್ಲಿ ತೇವವು ಶೇಕಡ ೧೦ರಿಂದ ೧೨ರವರೆಗಿರುವುದು ಯೋಗ್ಯ. ಹೆಚ್ಚಾದರೆ ಬೂಷ್ಟು ಹತ್ತುವುದು. ತೀರ ಕಡಿಮೆಯಾದರೆ ಬೀಜವು ಪೆಡಸಾಗಿ ಪರಿಮಳವನ್ನು ಕಳೆದುಕೊಳ್ಳುವುದು. ಅಳೆಯುವ ಯಂತ್ರವಿಲ್ಲದವರು ಹಲ್ಲಿನಿಂದ ಒತ್ತಿ ನೋಡಬಹುದು. ಒಣಗಿದ ಬೀಜವು ಹಲ್ಲಿನ ಗುರುತನ್ನು ಸುಲಭವಾಗಿ ತಾಳುವುದಿಲ್ಲ. ನಮ್ಮ ಸೀಮೆಯಲ್ಲಿ ಅರೇಬಿಕಾ ಕೊಯ್ಲು ನವಂಬರಿನಿಂದ ಜನವರಿಯವರೆಗೂ, ರೋಬಸ್ಟಾ ಕೊಯ್ಲು ಸುಮಾರಾಗಿ ಜನವರಿಯಿಂದ ಮಾರ್ಚಿಯವರೆಗೂ ನಡೆಯುತ್ತದೆ. ಯಾವ ವರ್ಷದ ಕೊಯ್ಲೆಂದು ಕೇಳಿ, ಒಂದು ವರ್ಷದೊಳಗಿನ ಬೀಜವನ್ನೇ ಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ತೆರೆದ ಚೀಲದಲ್ಲಿಟ್ಟ ಬೀಜವು ತೇವ ಹೀರಿ ಬಿಳಿಚಿಕೊಳ್ಳುವುದರಿಂದ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ಅಡಿಗೆಮನೆಯ ಬಿಸಿಗೂ ಸಂಬಾರ ಪದಾರ್ಥಗಳಿಗೂ ದೂರವಾಗಿ ಇಡತಕ್ಕದ್ದು.

ಹುರಿದು ನೋಡುವ ಕ್ರಮ:— ಮೊದಲು ಅರ್ಧ ಕಿಲೋ ಮಾತ್ರ ಕೊಂಡು ಪರೀಕ್ಷಿಸುವುದು ಜಾಣತನ. ನೂರು ಗ್ರಾಂ ಹುರಿದರೆ ಮಧ್ಯಮ ಹದದಲ್ಲಿ ಸುಮಾರು ೮೫ ಗ್ರಾಂ ಉಳಿಯುತ್ತದೆ. ಎಲ್ಲ ಬೀಜವೂ ಕಂದು ಬಣ್ಣಕ್ಕೆ ತಿರುಗಿದಾಗಲೂ ಕೆಲವು ಪೇಲವವಾಗಿಯೇ ಉಳಿದರೆ ಅವು ಬಲಿಯದ ಹಣ್ಣಿನವು. ಅವನ್ನು ತೆಗೆದುಬಿಡಬೇಕು, ಅವು ಹೆಚ್ಚಾಗಿದ್ದರೆ ಕೊಯ್ಲು ಸರಿಯಾಗಿಲ್ಲವೆಂದು ನಿರ್ಣಯಿಸಬಹುದು.

ಮರುದಿನ ಹತ್ತು ಗ್ರಾಂ ತರಿಪುಡಿಗೆ ೧೮೦ ಮಿಲಿಲೀಟರು ಬಿಸಿನೀರನ್ನು ಸುರಿದು, ನಾಲ್ಕು ನಿಮಿಷ ಬಿಟ್ಟು, ಮೇಲಣ ಕೆನೆಯನ್ನು ಚಮಚದಿಂದ ಒಡೆದು ತೆಗೆದು, ಬಿಸಿಯಿರುವಾಗಲೂ ಆರಿದ ಮೇಲೂ ಸವಿದು ನೋಡಬೇಕು. ಬಿಸಿಯಲ್ಲಿ ಅಡಗಿದ್ದ ದೋಷವು ಆರಿದಾಗ ಹೊರಬೀಳುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿಯೇ ಮೊದಲು ಪರೀಕ್ಷಿಸಿದರೆ, ಪುಡಿಯ ನಯ, ಒತ್ತಡ, ಕಾಲ ಇವುಗಳ ತಪ್ಪನ್ನು ಬೀಜದ ಮೇಲೆ ಹೊರಿಸಿದಂತಾದೀತು. ಈ ಪರೀಕ್ಷೆಯಲ್ಲಿ ಗೆದ್ದ ಬೀಜವನ್ನು ಹುರಿದು, ಒಳಗಿನ ಅಂಗಾರಾಮ್ಲವಾಯು ತಕ್ಕಮಟ್ಟಿಗೆ ಹೊರಹೋಗುವಂತೆ ಒಂದು ವಾರದಿಂದ ಎರಡು ವಾರ ಬಿಟ್ಟು, ಅನಂತರ ಯಂತ್ರಕ್ಕೆ ಹಾಕತಕ್ಕದ್ದು.

ಬೆಳೆಗಾರರ ಗಮನಕ್ಕೆ:— ಇಷ್ಟನ್ನು ನೋಡಿ ಕೊಳ್ಳುವ ಗ್ರಾಹಕನು ದೊಡ್ಡ ಎಸ್ಟೇಟಿನ ಹೆಸರಿಗೆ ಮಾತ್ರ ಬೆಲೆ ಕೊಡುವವನಲ್ಲ. ಎರಡು ಮೂರು ಎಕರೆಯ ತೋಟವುಳ್ಳವನೂ ಮಾಗಿದ ಹಣ್ಣನ್ನೇ ಕೀಳಿಸಿ, ಉದುರು ಹಣ್ಣನ್ನು ಬೇರೆಯಿಟ್ಟು, ಶುಚಿಯಾದ ಕಣದಲ್ಲಿ ಒಣಗಿಸಿ, ತನ್ನ ಮಾಲು ಬೇರೆಯದರೊಡನೆ ಬೆರೆಯದಂತೆ ನೋಡಿಕೊಂಡರೆ ಈ ಗ್ರಾಹಕನ ವಿಶ್ವಾಸವನ್ನು ಗಳಿಸಬಲ್ಲನು. ಚೀಲದ ಮೇಲೆ ಊರು, ಎತ್ತರ, ತಳಿ, ಸಂಸ್ಕರಣದ ವಿಧ, ಕೊಯ್ಲಿನ ತಿಂಗಳು ಇವನ್ನು ಬರೆದು ಕೊಡುವುದು ಅವಶ್ಯಕ. ಕೊಳ್ಳುವವರೂ ಬರಿಯ ಅಗ್ಗದ ಬೆಲೆಯನ್ನು ಅರಸದೆ, ಆಯ್ದು ಒಣಗಿಸಿದ ಶ್ರಮಕ್ಕೆ ತಕ್ಕ ಬೆಲೆಯನ್ನು ಕೊಡಬೇಕು. ಹಾಗಲ್ಲದೆ ಮುಂದಿನ ವರ್ಷ ಅಂತಹ ಬೀಜವನ್ನು ಒದಗಿಸಲು ಯಾವ ಬೆಳೆಗಾರನಿಗೂ ಉತ್ಸಾಹವಿರಲಾರದು.